ಕಲ್ಲಿನಲ್ಲಿ ಉಳಿದ ರೆಕ್ಕೆ

ಕೇಳುಗರಿಗೆ ನಮಸ್ಕಾರ.

ಮುಂಗಾರಿನ ಮೊದಲ ಮಳೆ ಬಿದ್ದ ಮಾರನೇ ದಿನ ಬೆಳಿಗ್ಗೆ ಜಗುಲಿ ಗುಡಿಸಿದರೆ ಪೊರಕೆಯ ತುಂಬಾ ರೆಕ್ಕೆ. ರಾತ್ರಿ ದೀಪಕ್ಕೆ ಮುತ್ತಿದ ಹುಳುಗಳು ಉದುರಿಸಿ ಹೋದವು ಅವು. ಕೋಲಾರದ ಕಡೆ ಇದನ್ನು ನೋಡದವರು ಯಾರಿದ್ದಾರೆ? ಹೆಚ್ಚಿನವು ಗೆದ್ದಲಿನವು. ನಡುವೆ ಒಂದೆರಡು ಇರುವೆಯವೂ ಇರುತ್ತವೆ. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಅಳತೆ. ಇರುವೆಯ ಮುಂದಿನ ಜೋಡಿ ದೊಡ್ಡದು, ಹಿಂದಿನದು ಚಿಕ್ಕದು.

ಹೋದ ವರ್ಷ ಪಕ್ಕದ ಮನೆಯ ಹುಡುಗಿ ಅಂಥದ್ದೊಂದು ರೆಕ್ಕೆಯನ್ನು ಪುಸ್ತಕದ ನಡುವೆ ಇಟ್ಟುಕೊಂಡು ಬಂದಳು. ಏಳನೇ ಕ್ಲಾಸಿನ ಮಗು. "ಮೇಷ್ಟ್ರೇ, ಇದೊಂದನ್ನೇ ನೋಡಿ ಯಾವ ಹುಳ ಅಂತ ಹೇಳಬಹುದಾ?" ಅಂತ ಕೇಳಿದಳು. ಕೋಟ್ಯಂತರ ವರ್ಷದ ಹಿಂದಿನ ಇರುವೆಗಳನ್ನು ಹುಡುಕುವವರು ದಿನಾ ಕೇಳಿಕೊಳ್ಳುವ ಪ್ರಶ್ನೆಯೂ ಇದೇ.

ಬಿಳಿ ಹಾಳೆಯ ಮೇಲೆ ರೆಕ್ಕೆ ಇಟ್ಟು ಭೂತಗನ್ನಡಿ ಹಿಡಿದೆವು. ಮುಂದಿನ ಅಂಚಿನಲ್ಲಿ ಒಂದು ಕಂದು ಚುಕ್ಕೆ. ಬುಡದಿಂದ ಹೊರಟ ನರಗಳು ಒಂದನ್ನೊಂದು ಕೂಡಿ, ಹೊಲದ ಬದುಗಳ ಹಾಗೆ, ಚಿಕ್ಕ ಚಿಕ್ಕ ಕೋಣೆಗಳನ್ನು ಮಾಡಿದ್ದವು. ಆ ಕೋಣೆಗಳೇ ಗುರುತು. ಎಷ್ಟಿವೆ, ಯಾವುದು ಮುಚ್ಚಿದೆ, ಯಾವುದು ತೆರೆದಿದೆ, ಅಡ್ಡ ನರ ಎಲ್ಲಿ ಬಂದು ಸೇರುತ್ತದೆ, ಇವೆಲ್ಲ ಇರುವೆಯ ಬಳಗದಿಂದ ಬಳಗಕ್ಕೆ ಬದಲಾಗುತ್ತವೆ. ನಮ್ಮ ಕರಿ ಗೊದ್ದವನ್ನೇ ತೆಗೆದುಕೊಳ್ಳಿ. ಅದರ ರೆಕ್ಕೆಯಲ್ಲಿ ನಡುವಿನ ಒಂದು ಕೋಣೆ ಇರುವುದೇ ಇಲ್ಲ. ಕುಟುಕುವ ಕೆಲವು ಇರುವೆಗಳಲ್ಲಿ ಆ ಕೋಣೆ ಚೆನ್ನಾಗಿ ಕಾಣುತ್ತದೆ.

ಸಾಯೋ ಕಾಲಕ್ಕೆ ಇರುವೆಗೆ ರೆಕ್ಕೆ ಬಂತು ಅಂತ ಹಿರಿಯರು ಹೇಳುತ್ತಾರಲ್ವಾ? ಗಂಡಿರುವೆಗಳ ಮಟ್ಟಿಗೆ ಆ ಮಾತು ನಿಜ. ಕೂಡಿದ ಮೇಲೆ ಅವು ಹೆಚ್ಚು ಕಾಲ ಬದುಕುವುದಿಲ್ಲ. ರಾಣಿ ನೆಲಕ್ಕಿಳಿದು, ತನ್ನ ರೆಕ್ಕೆಯನ್ನು ತಾನೇ ಕಿತ್ತುಹಾಕಿ, ಮಣ್ಣಿಗೆ ಇಳಿಯುತ್ತಾಳೆ. ಸಕ್ಕರೆ ಡಬ್ಬಿಗೆ ಸಾಲು ಹಚ್ಚುವ ಕೆಲಸದ ಇರುವೆಗಳಿಗೆ ರೆಕ್ಕೆಯೇ ಇಲ್ಲ. ಹಾಗಾಗಿ ಕಲ್ಲಿನಲ್ಲಿ ರೆಕ್ಕೆ ಸಿಕ್ಕಿತು ಅಂದರೆ ಅದು ಒಂದೋ ರಾಣಿಯದು, ಇಲ್ಲ ಗಂಡಿನದು. ಹಾರುವಾಗ ಕೆರೆಗೆ ಬಿದ್ದು, ಕೆಸರಿನಲ್ಲಿ ಹೂತುಹೋದ ಜೀವ.

ಜರ್ಮನಿಯ ಮೆಸ್ಸೆಲ್ ಎಂಬಲ್ಲಿ ಅಂಥ ಒಂದು ಹಳೆಯ ಕೆರೆಯ ಕೆಸರು ಈಗ ಕಲ್ಲಾಗಿದೆ. ಸುಮಾರು 4 ಕೋಟಿ 70 ಲಕ್ಷ ವರ್ಷ ಹಳೆಯದು. ಅಲ್ಲಿ ಸಿಕ್ಕ ಟೈಟಾನೊಮಿರ್ಮಾ ಎಂಬ ಇರುವೆಯ ರಾಣಿ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಸುಮಾರು 15 ಸೆಂಟಿಮೀಟರ್. ನಿಮ್ಮ ಅಂಗೈ ಬಿಚ್ಚಿ ನೋಡಿ, ಅದರ ಮೇಲೆ ಹಿಡಿಯುವುದಿಲ್ಲ. ಆ ಜಾತಿಯ ಕೆಲಸದ ಇರುವೆ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಇದೇ ಬಳಗದ ಮೊದಲ ಸುಳಿವು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. 1854ರಲ್ಲಿ ವೆಸ್ಟ್‌ವುಡ್ ಎಂಬ ಕೀಟ ವಿಜ್ಞಾನಿ ಕಲ್ಲಿನಲ್ಲಿದ್ದ ರೆಕ್ಕೆ ನೋಡಿ ಫಾರ್ಮಿಸಿಯಂ ಎಂಬ ಹೆಸರಿಟ್ಟರು. 1929ರಲ್ಲಿ ಅಮೆರಿಕದ ಟೆನ್ನೆಸ್ಸೀಯ ಒಂದು ರೆಕ್ಕೆಗೆ ಕಾರ್ಪೆಂಟರ್ ಎಂಬುವರು ಇಯೊಪೊನೆರಾ ಅಂತ ಹೆಸರು ಕೊಟ್ಟು, ಕುಟುಕುವ ಇರುವೆಗಳ ಗುಂಪಿಗೆ ಸೇರಿಸಿದ್ದರು. ಆಮೇಲೆ ಅದನ್ನು ಅಲ್ಲಿಂದ ತೆಗೆದು ಫಾರ್ಮಿಸಿಯಂ ಕಡೆಗೆ ಹಾಕಬೇಕಾಯಿತು. ಈಗ ಫಾರ್ಮಿಸಿಯಂ ಅನ್ನುವುದು ಬರೀ ರೆಕ್ಕೆ ಸಿಕ್ಕವುಗಳನ್ನು ಇಡುವ ಗೂಡು ಇದ್ದ ಹಾಗೆ. ಮೈ ಸಿಕ್ಕವು ಟೈಟಾನೊಮಿರ್ಮಾ. ಎರಡೂ ಒಂದೇ ಇರುವೆಯೋ ಬೇರೆಯೋ ಅಂತ ರೆಕ್ಕೆಯೊಂದೇ ಹೇಳಲಾರದು. ಸೊಂಟದ ಗಂಟು, ಮಡಿಸಿದ ಮೊಣಕೈಯಂಥ ಮೀಸೆ, ಇರುವೆಯನ್ನು ಇರುವೆ ಅನ್ನಿಸುವ ಇವೆಲ್ಲ ಇರುವುದು ಮೈಯಲ್ಲಿ ತಾನೇ?

ಕಲ್ಲೂ ಸುಮ್ನೆ ಇರುವುದಿಲ್ಲ. ಭೂಮಿ ಒತ್ತಿದಾಗ ಬಂಡೆ ಎಳೆದುಕೊಳ್ಳುತ್ತದೆ, ಒಳಗಿನ ಅಚ್ಚೂ ಜೊತೆಗೆ ಎಳೆದುಕೊಳ್ಳುತ್ತದೆ. ಕೆನಡಾದಲ್ಲಿ ಸಿಕ್ಕ ಒಂದು ಟೈಟಾನೊಮಿರ್ಮಾ ರಾಣಿಗೆ ಹಾಗೇ ಆಗಿತ್ತು. ಒಂದು ದಿಕ್ಕಿಗೆ ಸರಿಪಡಿಸಿ ಅಳೆದರೆ ಮೈ 3 ಸೆಂಟಿಮೀಟರ್ ಚಿಲ್ಲರೆ, ಇನ್ನೊಂದು ದಿಕ್ಕಿಗೆ ಸರಿಪಡಿಸಿದರೆ 5. ಯಾವುದು ಸರಿ ಅಂತ ಹೇಳಲು ಆಗಲಿಲ್ಲ. 2023ರಲ್ಲಿ ಅದರ ಬಗ್ಗೆ ಬರೆದವರು ಜಾತಿಯ ಹೆಸರನ್ನೇ ಇಡಲಿಲ್ಲ. ಹೊಸ ಹೆಸರು ಇಡುವ ಆಸೆ ಯಾರಿಗಿರುವುದಿಲ್ಲ? ಆದರೂ ಕೈ ತಡೆದರು. ನನಗೆ ಅವರ ಮೇಲೆ ಜಾಸ್ತಿ ಗೌರವ ಬಂದದ್ದು ಅದಕ್ಕೇ.

"ಹಾಗಾದರೆ ಅಂತರಗಂಗೆ ಬೆಟ್ಟದ ಬಂಡೆಯಲ್ಲೂ ಸಿಗುತ್ತಾ?" ಅಂದಳು ಹುಡುಗಿ. ಇಲ್ಲಮ್ಮ. ನಮ್ಮ ಕಡೆಯ ಬಂಡೆ ತುಂಬಾ ಹಳೆಯದು. ಚಿನ್ನದ ಗಣಿಯ ಕಲ್ಲಿಗೆ ಸುಮಾರು 270 ಕೋಟಿ ವರ್ಷ. ಇದುವರೆಗೆ ಸಿಕ್ಕಿರುವ ಅತಿ ಹಳೆಯ ಇರುವೆ ಬ್ರೆಜಿಲ್‌ನ ಸುಣ್ಣಕಲ್ಲಿನದು, ಅದಕ್ಕೆ 11 ಕೋಟಿ 30 ಲಕ್ಷ ವರ್ಷ. ನಮ್ಮ ಕಲ್ಲು ಹುಟ್ಟಿದಾಗ ಇರುವೆ ಇರಲಿ, ಹುಲ್ಲೂ ಇರಲಿಲ್ಲ. ನಮ್ಮ ದೇಶದ ಹಳೆಯ ಇರುವೆಗಳು ಬೇಕಾದರೆ ಗುಜರಾತಿಗೆ ಹೋಗಬೇಕು. ಅಲ್ಲಿನ ಲಿಗ್ನೈಟ್ ಗಣಿಗಳಲ್ಲಿ ಕಲ್ಲಾದ ಮರದ ಅಂಟಿನೊಳಗೆ ಸಿಕ್ಕಿವೆ.

ಅವಳ ಮುಖ ಸಪ್ಪಗಾಯಿತು. ಆಮೇಲೆ ತಾನೇ ಎದ್ದು ಹೋಗಿ, ಕೆರೆಯಿಂದ ಒಂದು ಹಿಡಿ ಗೋಡು ತಂದಳು. ಬೆಣ್ಣೆಯಂಥ ನುಣ್ಣನೆ ಮಣ್ಣು. ರೆಕ್ಕೆಯನ್ನು ಅದರ ಮೇಲಿಟ್ಟು, ಗಾಜಿನ ಚೂರಿನಿಂದ ಮೆಲ್ಲಗೆ ಒತ್ತಿ, ನೆರಳಿನಲ್ಲಿ ಒಣಗಿಸಿದಳು. ಎರಡು ದಿನ ಬಿಟ್ಟು ರೆಕ್ಕೆ ಎಬ್ಬಿಸಿದರೆ ಏನೂ ಕಾಣಲಿಲ್ಲ. "ಸಂಜೆ ಬಿಸಿಲಿಗೆ ಓರೆಯಾಗಿ ಹಿಡಿ" ಅಂದೆ. ಕಲ್ಲಿನ ಅಚ್ಚು ನೋಡುವವರೂ ಬೆಳಕನ್ನು ಪಕ್ಕದಿಂದಲೇ ಬಿಡುತ್ತಾರೆ. ಹಿಡಿದಳು. ನರಗಳು ಒಂದೊಂದಾಗಿ ನೆರಳು ಬಿಟ್ಟುಕೊಂಡು ಎದ್ದವು. ಬೆರಳು ತಾಗಿಸದೆ ಕೋಣೆ ಎಣಿಸಿದಳು.

"ನಡುವಿನ ಕೋಣೆ ಇಲ್ಲ ಮೇಷ್ಟ್ರೇ. ಗೊದ್ದ ಅಂತ ಬರೆಯಲಾ?"

"ಆ ಕೋಣೆ ಇಲ್ಲದ ಇರುವೆಗಳು ಇನ್ನೂ ಇವೆಯಮ್ಮ" ಅಂದೆ.

ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತಳು. ಆಮೇಲೆ ಚೀಟಿಯ ಮೇಲೆ ಬರೆದಳು: "ಇರುವೆ. ಗೊದ್ದದ ಬಳಗ ಇರಬಹುದು. ಕೋಲಾರದ ಕೆರೆ ಮಣ್ಣು."

ನಮಸ್ಕಾರ.