ಮೊದಲು ಜಾಗ ನೋಡಿ, ಕ್ಯಾಮೆರಾ ಆಮೇಲೆ

ಇಲ್ಲಿ ನಾನು ಸುಮ್ನೆ ಓಡಾಡುತ್ತಿದ್ದೇನೆ, ಕ್ಯಾಮೆರಾ ಇನ್ನೂ ಬ್ಯಾಗಿನಲ್ಲೇ ಇದೆ. ದಯವಿಟ್ಟು ವೀಡಿಯೊ ಮುಂದಕ್ಕೆ ಓಡಿಸಬೇಡಿ, ಇವತ್ತಿನ ಅಸಲಿ ಕೆಲಸ ನಡೆಯುತ್ತಿರುವುದು ಇಲ್ಲೇ. ಕೆರೆ, ನೀರಿನ ಮಧ್ಯೆ ಒಂದು ಒಣಮರ, ಹಿಂದೆ ಬೆಟ್ಟ. ಬಂದ ಕೂಡಲೇ ಮೂರನ್ನೂ ಒಂದೇ ಫ್ರೇಮಿಗೆ ತುಂಬಿಸೋಣ ಅನಿಸುತ್ತದೆ. ತುಂಬಿಸಿದರೆ ಜಾಗದ ಗುರುತು ಸಿಗುತ್ತದೆ, ಭಾವನೆ ಸಿಗುವುದಿಲ್ಲ.

ಅದಕ್ಕೇ ನಾನು ಮೊದಲು ಕೇಳಿಕೊಳ್ಳುವುದು, ಇಲ್ಲಿ ನನ್ನ ಕಾಲು ನಿಂತಿದ್ದು ಯಾವುದನ್ನು ನೋಡಿ? ಇವತ್ತು ಆ ಮರ. ಅದೂ ಇಡೀ ಮರವಲ್ಲ, ನೀರು ಮುಟ್ಟುವ ಹಾಗೆ ಬಾಗಿದೆಯಲ್ಲ, ಆ ಒಂದು ಕೊಂಬೆ. ನೋಡಿದರೆ ಒಂಥರಾ ಒಂಟಿ ಅನಿಸುತ್ತದೆ. ಒಂಟಿತನ ತೋರಿಸಬೇಕು ಅಂದಮೇಲೆ ಬೆಟ್ಟ ಬೇಡ, ದಡದ ಹುಲ್ಲೂ ಬೇಡ, ಸುತ್ತ ಖಾಲಿ ನೀರು ಸಾಕು. ದಡದಲ್ಲಿ ಕೂತು ನೋಡಿದರೆ ಮರದ ಹಿಂದೆ ಬೆಟ್ಟ ಅಂಟಿಕೊಳ್ಳುತ್ತದೆ. ದಿಬ್ಬ ಹತ್ತಿದರೆ ಮರದ ಹಿಂದೆ ಬರೀ ನೀರು. ಇದಕ್ಕೆ ಹೊಸ ಲೆನ್ಸ್ ಬೇಕಿಲ್ಲ. ಮರ ಎಲ್ಲಿ, ಬೆಟ್ಟ ಎಲ್ಲಿ ಅನ್ನೋದನ್ನ ತೀರ್ಮಾನಿಸುವುದು ನೀವು ನಿಂತ ಜಾಗ. ಎಷ್ಟು ಭಾಗ ಒಳಗೆ ಬರಬೇಕು ಅನ್ನೋದಷ್ಟೇ ಲೆನ್ಸಿನ ಕೆಲಸ.

ಈಗ ಈ ಟ್ರೈಪಾಡ್. ನೋಡಿ, ಎಡಗಡೆ ಕಾಲು ಮೆಲ್ಲಗೆ ಕೆಳಗೆ ಜಾರುತ್ತಿದೆ. ತಿರುಗಿಸಿ ಬಿಗಿ ಮಾಡುವ ಲಾಕ್ ಇದು. ಹೊರಡುವ ಮುಂಚೆ ಬಿಚ್ಚಿ, ತೊಳೆದು, ಒಣಗಿಸಿ ತಂದಿದ್ದೇನೆ, ಆದರೂ ಹಿಡಿಯುತ್ತಿಲ್ಲ. ನೀರು ನುಣುಪಾಗಿ ಬರಲಿ ಅಂತ ಲೆನ್ಸಿನ ಮುಂದೆ ಬೆಳಕು ಕಡಿಮೆ ಮಾಡುವ ಕಪ್ಪು ಗಾಜು, ಅಂದರೆ ಎನ್‌ಡಿ ಫಿಲ್ಟರ್ ಹಾಕಿ 30 ಸೆಕೆಂಡ್ ಶಟರ್ ತೆರೆದಿಡಬೇಕು. ಅಷ್ಟರಲ್ಲಿ ಕಾಲು ಕೂದಲೆಳೆಯಷ್ಟು ಇಳಿದರೂ ಮರ ಎರಡೆರಡಾಗಿ ಕಾಣುತ್ತದೆ. ಬಿಗಿ ಮಾಡಿದೆ, ಜಾರಿತು. ಇನ್ನೂ ಬಿಗಿ ಮಾಡಿದೆ, ಕ್ಯಾಮೆರಾ ಇಡುವವರೆಗೂ ಗಟ್ಟಿಯಾಗಿತ್ತು, ಇಟ್ಟ ಮೇಲೆ ಮತ್ತೆ ಜಾರಿತು! ಬೆಳಕು ಹೋಗುತ್ತಿರುವ ಹೊತ್ತಿನಲ್ಲಿ ಇದಕ್ಕಿಂತ ಹೊಟ್ಟೆ ಉರಿಸುವ ವಿಷಯ ಇನ್ನೊಂದಿಲ್ಲ. ಇನ್ನು ಮೇಲೆ ನನಗೆ ಕ್ಲಿಪ್ ಒತ್ತುವ ಲಾಕೇ ಬೇಕು, ಹಿಡಿದಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಅಲ್ಲ, ಅದರ ಸ್ಕ್ರೂ ಕೂಡ ಸಡಿಲವಾಗುತ್ತದೆ, ಅದೂ ಕಾಟವೇ.

ಬೆಳಕು ಹೋಗುತ್ತಿದೆ ಅಂದಾಗೆಲ್ಲ ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಅವರ ಕಥೆ ನೆನಪಾಗುತ್ತದೆ. 1941ರಲ್ಲಿ, ನ್ಯೂ ಮೆಕ್ಸಿಕೊದ ಹೆರ್ನಾಂಡೆಜ್ ಎಂಬ ಹಳ್ಳಿ. ಸ್ಮಶಾನದ ಶಿಲುಬೆಗಳ ಮೇಲೆ ಕೊನೆಯ ಬಿಸಿಲು, ಮೇಲೆ ಚಂದ್ರ. ಗಾಡಿ ನಿಲ್ಲಿಸಿ ಇಳಿದರೆ ಬೆಳಕು ಅಳೆಯುವ ಲೈಟ್ ಮೀಟರ್ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟು ಅಂತ ಅವರಿಗೆ ಗೊತ್ತಿತ್ತು, ಅದರ ಮೇಲೆಯೇ ಲೆಕ್ಕ ಹಾಕಿ ತೆಗೆದರು. ಇನ್ನೊಂದು ತೆಗೆಯೋಣ ಅನ್ನುವಷ್ಟರಲ್ಲಿ ಬಿಸಿಲು ಹೋಗಿತ್ತು. ಅದೃಷ್ಟ ಅಂತ ಜನ ಹೇಳಬಹುದು, ನಾನು ಒಪ್ಪುವುದಿಲ್ಲ. ಏನು ಬೇಕು ಅಂತ ತಲೆಯಲ್ಲಿ ಮೊದಲೇ ಕಂಡಿದ್ದವರಿಗೆ ಮಾತ್ರ ಅಷ್ಟು ಬೇಗ ಕೈ ಓಡುತ್ತದೆ.

ಅಯ್ಯೋ, ವೀಡಿಯೊದ ಈ ಶಾಟ್ ಮುಗಿಯುತ್ತಾ ಬಂತು, ಟ್ರೈಪಾಡಿಗೆ ವಾಪಸ್ ಬರೋಣ. ಮೂರೂ ಕಾಲುಗಳ ಕೆಳಭಾಗವನ್ನು ಪೂರ್ತಿ ಒಳಗೆ ತಳ್ಳಿ ಗಿಡ್ಡ ಮಾಡಿದೆ. ಜಾರುವುದಕ್ಕೆ ಜಾಗವೇ ಇಲ್ಲ. ಎತ್ತರ ಹೇಗೂ ದಿಬ್ಬದಿಂದ ಸಿಗುತ್ತಿದೆ.

ಇದೇ ಫೋಟೊ. ಕೊಂಬೆ ಬಾಗಿದ ಕಡೆ ಜಾಸ್ತಿ ಜಾಗ ಬಿಡಬೇಕು ಅನ್ನುತ್ತಾರೆ, ನಾನು ಬೇಕಂತಲೇ ಬಿಟ್ಟಿಲ್ಲ. ಕೊಂಬೆಯ ತುದಿ ಫ್ರೇಮಿನ ಅಂಚಿಗೆ ಹತ್ತಿರ, ಮರದ ಬೆನ್ನ ಹಿಂದೆ ಅಷ್ಟೂ ನೀರು. ಆ ಇಕ್ಕಟ್ಟು ನನಗೆ ಬೇಕಿತ್ತು. ಸೂರ್ಯ ಮುಳುಗಿದ ಮೇಲೆ ತೆಗೆದದ್ದು, ಹಾಗಾಗಿ ನೆರಳಿಲ್ಲ, ಎಲ್ಲ ಕಡೆ ಒಂದೇ ಮೆತ್ತನೆ ನೀಲಿ. ಕಪ್ಪು-ಬಿಳುಪು ಮಾಡುತ್ತೇನೆ ಅಂದುಕೊಂಡೇ ತೆಗೆದೆ, ಈಗ ನೋಡಿದರೆ ಆ ನೀಲಿ ಅಳಿಸಿಹಾಕಲು ಮನಸ್ಸು ಬರುತ್ತಿಲ್ಲ. ನೀವು ಏನಂತೀರಿ?