ಹೆಬ್ಬೆರಳಿನ ಕೆಲಸ ಯಾರಿಗೆ? ಹಳೆಯ ರೀಲು, ಹೊಸ ರೀಲು

ಕೇಳುಗರಿಗೆ ನಮಸ್ಕಾರ.

ಗಾಳ ಹಾಕುವ ಹವ್ಯಾಸವಿರುವ ಇಬ್ಬರು ಒಂದೆಡೆ ಕುಳಿತರೆ ಮಾತು ಮೀನಿನಿಂದ ಶುರುವಾಗಿ, ಕೋಲಿಗೆ ಸಿಕ್ಕಿಸಿ ದಾರ ಸುತ್ತುವ ರೀಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಅದು ಮಾತಲ್ಲ, ವಾದ. ಒಬ್ಬರ ಬಳಿ ಚಿಕ್ಕಪ್ಪನ ಕಾಲದ ಸ್ವೀಡನ್ನಿನ ರೀಲು ಇರುತ್ತದೆ, ಇನ್ನೊಬ್ಬರ ಬಳಿ ಮೊನ್ನೆ ಮೊನ್ನೆ ತರಿಸಿಕೊಂಡ ಜಪಾನಿನದು. ಈ ವಾದದಲ್ಲಿ ನಾನು ಯಾವ ಕಡೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎಸೆಯುವ ವಿಷಯಕ್ಕೆ ಬಂದರೆ ಹೊಸದರ ಕಡೆ, ಬಾಳಿಸುವ ವಿಷಯಕ್ಕೆ ಬಂದರೆ ಹಳೆಯದರ ಕಡೆ.

ನಾನು ಹೇಳುತ್ತಿರುವುದು ಬೇಟ್‌ಕಾಸ್ಟಿಂಗ್ ರೀಲಿನ ಬಗ್ಗೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಸ್ಪಿನ್ನಿಂಗ್ ರೀಲು ಕೋಲಿನ ಕೆಳಗೆ ನೇತಾಡುತ್ತದೆ. ಎಸೆದಾಗ ಅದರ ಸ್ಪೂಲ್, ಅಂದರೆ ದಾರ ಸುತ್ತಿರುವ ಉರುಳೆ, ಅಲುಗುವುದಿಲ್ಲ, ದಾರ ಮಾತ್ರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಕಳಚಿಕೊಂಡು ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲು ಕೋಲಿನ ಮೇಲೆ ಕೂರುತ್ತದೆ, ಎಸೆದಾಗ ದಾರದ ಜೊತೆ ಸ್ಪೂಲೂ ತಿರುಗುತ್ತದೆ. ಎಲ್ಲ ತಾಪತ್ರಯವೂ ಇಲ್ಲಿಂದಲೇ ಹುಟ್ಟುವುದು. ಎಸೆದ ಎರೆ ಗಾಳಿಯಲ್ಲಿ ಸಾಗುತ್ತಾ ವೇಗ ಕಳೆದುಕೊಳ್ಳುತ್ತದೆ. ಸ್ಪೂಲಿಗೆ ಅದು ಗೊತ್ತಾಗುವುದಿಲ್ಲ. ಮೊದಲ ಕ್ಷಣದಲ್ಲಿ ಸಿಕ್ಕ ವೇಗದಲ್ಲೇ ಅದು ತಿರುಗುತ್ತಿರುತ್ತದೆ. ಹೊರಗೆ ಹೋಗುವ ದಾರಕ್ಕಿಂತ ಬಿಚ್ಚಿಕೊಳ್ಳುವ ದಾರ ಹೆಚ್ಚಾಗಿ, ಕಣ್ಣು ಮಿಟುಕಿಸುವುದರೊಳಗೆ ರೀಲಿನ ಮೇಲೆ ದೊಡ್ಡದೊಂದು ಗೋಜಲು ಎದ್ದು ನಿಲ್ಲುತ್ತದೆ. ಅದನ್ನು ಬಿಡಿಸಲು ಕೂತವರ ಮುಖ ನೋಡಿದರೆ ಅವರ ಹತ್ತಿರ ಹೋಗಬೇಕೆನಿಸುವುದಿಲ್ಲ.

ಇದಕ್ಕೆ ಮೊದಲ ಮದ್ದು ಹೆಬ್ಬೆರಳು. ಸ್ಪೂಲಿನ ಮೇಲೆ ಹೆಬ್ಬೆರಳನ್ನು ಸವರಿದಂತೆ ಇಟ್ಟು, ಎರೆ ನೀರಿಗೆ ಬೀಳುವ ಹೊತ್ತಿಗೆ ಒತ್ತಿ ನಿಲ್ಲಿಸಬೇಕು. ರೀಲು ತಯಾರಕರು ಇಷ್ಟು ವರ್ಷ ಮಾಡುತ್ತಾ ಬಂದಿರುವುದೆಲ್ಲ, ಈ ಬೆರಳಿನ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಯಂತ್ರಕ್ಕೆ ವಹಿಸಿಕೊಡುವ ಪ್ರಯತ್ನ ಎಂದು ನನ್ನ ಲೆಕ್ಕ.

ಶುರು ಮಾಡಿದವರು ಗಡಿಯಾರದವರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕುಶಲಕರ್ಮಿ, ಹಿಡಿಕೆ ಒಂದು ಸುತ್ತು ಸುತ್ತಿದರೆ ಸ್ಪೂಲ್ ಹಲವು ಸುತ್ತು ಸುತ್ತುವ ಹಲ್ಲುಚಕ್ರದ ರೀಲನ್ನು ಕೈಯಲ್ಲೇ ಮಾಡಿದ. ಅದೇ ರಾಜ್ಯದ ಮೀಕ್ ಸಹೋದರರೂ ಗಡಿಯಾರದ ಕಸುಬಿನವರೇ. ಅವರು ಆ ಕೆಲಸವನ್ನು ಇನ್ನಷ್ಟು ನಾಜೂಕುಗೊಳಿಸಿದರು. ಶತಮಾನದ ಕೊನೆಯ ಹೊತ್ತಿಗೆ ಮಿಶಿಗನ್ನಿನ ಕಲಮಜೂನಲ್ಲಿ ವಿಲಿಯಂ ಶೇಕ್ಸ್‌ಪಿಯರ್ ಎಂಬವರು, ಹೌದು, ಹೆಸರು ಅದೇ, ನಾಟಕಕಾರನಿಗೂ ಅವರಿಗೂ ಸಂಬಂಧವಿಲ್ಲ, ದಾರವನ್ನು ಸ್ಪೂಲಿನ ಉದ್ದಕ್ಕೂ ಸಮನಾಗಿ ಸುತ್ತಿಸುವ ವ್ಯವಸ್ಥೆಯನ್ನು ತಂದರು. ಈಗಲೂ ಬಹುತೇಕ ಬೇಟ್‌ಕಾಸ್ಟಿಂಗ್ ರೀಲುಗಳ ಮುಂದೆ ಅತ್ತಿತ್ತ ಓಡಾಡುವ ಆ ಪುಟ್ಟ ಕಿಂಡಿ ಅದೇ ಸಂತತಿಯದು.

ಇನ್ನು ನಾನು ಹಳೆಯ ರೀಲು ಎಂದಾಗ ಕಣ್ಣ ಮುಂದಿರುವುದು ಸ್ವೀಡನ್ನಿನ ಸ್ವಾಂಗ್‌ಸ್ಟಾ ಎಂಬ ಊರಿನದು. ಅಲ್ಲಿ 1921ರಲ್ಲಿ ಕಾರ್ಲ್ ಆಗಸ್ಟ್ ಬೋರ್ಗ್‌ಸ್ಟ್ರೋಮ್ ಕಟ್ಟಿದ ಅಬು ಕಾರ್ಖಾನೆ ಮೊದಲು ಕಿಸೆ ಗಡಿಯಾರ ಮಾಡುತ್ತಿತ್ತು, ಆಮೇಲೆ ಟ್ಯಾಕ್ಸಿ ಮೀಟರ್ ಮಾಡಿತು, ಕೊನೆಗೆ ರೀಲಿಗೆ ಕೈ ಹಾಕಿತು. 1952ರಲ್ಲಿ ಹೊರಬಂದ ಅವರ ಅಂಬಾಸಡರ್ 5000 ಕುಂಕುಮಗೆಂಪಿನ ಪಕ್ಕಗಳಿದ್ದ ದುಂಡನೆಯ ರೀಲು. ಹೆಸರು ಕೇಳಿ ನಮ್ಮ ಸರ್ಕಾರಿ ಕಾರು ನೆನಪಾದರೆ ತಪ್ಪೇನಿಲ್ಲ. ಆ ಕಾರಿನ ಹಾಗೆ ಇದನ್ನೂ ಎಲ್ಲಿ ಬೇಕಾದರೂ ಬಿಚ್ಚಿ ಜೋಡಿಸಬಹುದು. ಮಾಮೂಲಿ ರೀಲುಗಳಲ್ಲಿ ಎಸೆಯುವಾಗ ಹಿಡಿಕೆಯೂ ಗಿರ್ರನೆ ತಿರುಗಿ ಬೆರಳಿನ ಗೆಣ್ಣಿಗೆ ಬಡಿಯುತ್ತಿದ್ದ ಕಾಲದಲ್ಲಿ, ಇದರ ಗುಂಡಿ ಒತ್ತಿದರೆ ಸ್ಪೂಲ್ ಹಲ್ಲುಚಕ್ರಗಳಿಂದ ಬಿಡುಗಡೆಯಾಗಿ ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು. ಒಳಗೆ ಎರಡು ಚಿಕ್ಕ ಬ್ರೇಕ್ ತುಂಡುಗಳು. ಸ್ಪೂಲ್ ಜೋರಾಗಿ ತಿರುಗಿದಂತೆ ಅವು ಹೊರಕ್ಕೆ ಜಾರಿ ಸುತ್ತಲಿನ ಬಳೆಗೆ ಉಜ್ಜಿ ವೇಗ ತಗ್ಗಿಸುತ್ತವೆ. ಹೆಬ್ಬೆರಳಿಗೆ ಸಿಕ್ಕ ಮೊದಲ ಒಳ್ಳೆಯ ಸಹಾಯಕ ಅದು.

ಆದರೆ ಆ ಸಹಾಯಕನಿಗೆ ಒಂದು ದೌರ್ಬಲ್ಯವಿದೆ. ಉಜ್ಜುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಸ್ಪೂಲಿನ ವೇಗ ಅರ್ಧಕ್ಕೆ ಇಳಿದರೆ ಬ್ರೇಕಿನ ಹಿಡಿತ ಕಾಲು ಭಾಗಕ್ಕೆ ಇಳಿಯುತ್ತದೆ. ಎಸೆತದ ಆರಂಭದಲ್ಲಿ ಬಿಗಿ, ಕೊನೆಯಲ್ಲಿ ಸಡಿಲ. ಎರೆ ನೀರು ಮುಟ್ಟುವ ಹೊತ್ತಿನಲ್ಲಿ ಕಾಪಾಡುವುದು ಬೆರಳೇ. 1980ರ ದಶಕದಲ್ಲಿ ಅಯಸ್ಕಾಂತದ ಬ್ರೇಕು ಬಳಕೆಗೆ ಬಂದಾಗ ಈ ಕೊರತೆ ಸ್ವಲ್ಪ ನೀಗಿತು. ಸ್ಪೂಲ್ ಅಲ್ಯೂಮಿನಿಯಂನದು, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೂ ಅಯಸ್ಕಾಂತದ ಪಕ್ಕದಲ್ಲಿ ಅದು ತಿರುಗಿದರೆ ಲೋಹದೊಳಗೆ ಸುಳಿ ವಿದ್ಯುತ್ ಹುಟ್ಟಿ ಚಲನೆಯನ್ನು ಎದುರಿಸುತ್ತದೆ. ಇಲ್ಲಿ ಉಜ್ಜಾಟವಿಲ್ಲ, ಸವೆತವಿಲ್ಲ. ಬಲ ವೇಗಕ್ಕೆ ನೇರ ಅನುಪಾತದಲ್ಲಿರುವುದರಿಂದ ಎಸೆತದ ಬಾಲದವರೆಗೂ ಹಿಡಿತ ಉಳಿಯುತ್ತದೆ. ಹೊರಗಿನ ಅಂಕಿಗಳ ಗುಂಡಿ ತಿರುಗಿಸಿದರೆ ಅಯಸ್ಕಾಂತ ಹತ್ತಿರವಾಗುತ್ತದೆ, ದೂರವಾಗುತ್ತದೆ. ಎದುರುಗಾಳಿ ಎದ್ದಾಗ ಪಕ್ಕವನ್ನು ಬಿಚ್ಚಬೇಕಾಗಿಲ್ಲ. ಹಳೆಯದರಲ್ಲಿ ಪಕ್ಕ ಕಳಚಿ, ಕಡಲೆಕಾಳಿಗಿಂತ ಚಿಕ್ಕದಾದ ಆ ತುಂಡನ್ನು ಬದಲಿಸಬೇಕು. ದೋಣಿಯಲ್ಲಿ ಕೂತು ಈ ಕೆಲಸಕ್ಕೆ ಇಳಿದರೆ ತುಂಡು ಬೀಳುವುದು ನೀರಿಗೇ.

ಆಮೇಲೆ ಬಂದದ್ದು ಶಿಮಾನೊದವರ ಡಿಸಿ, ಅಂದರೆ ಕಂಪ್ಯೂಟರ್ ಬ್ರೇಕು. ಅಬುವಿನಂತೆಯೇ 1921ರಲ್ಲಿ, ಜಪಾನಿನ ಸಕಾಯಿಯಲ್ಲಿ ಹುಟ್ಟಿದ ಈ ಕಂಪನಿಯದು ಮೂಲತಃ ಸೈಕಲ್ ಬಿಡಿಭಾಗಗಳ ಕಸುಬು. ಡಿಸಿ ರೀಲಿನಲ್ಲಿ ಬ್ಯಾಟರಿ ಇಲ್ಲ. ಸ್ಪೂಲ್ ತಿರುಗುವುದರಿಂದಲೇ ವಿದ್ಯುತ್ ಹುಟ್ಟುತ್ತದೆ, ಅದರಿಂದಲೇ ಒಂದು ಪುಟ್ಟ ಚಿಪ್ ಎಚ್ಚರಗೊಂಡು ಸೆಕೆಂಡಿಗೆ ಸಾವಿರ ಬಾರಿ ಸ್ಪೂಲಿನ ವೇಗವನ್ನು ಅಳೆದು ಬ್ರೇಕು ಹಾಕುತ್ತದೆ ಎಂದು ಕಂಪನಿ ಹೇಳುತ್ತದೆ. ಮೊದಮೊದಲು ದುಬಾರಿ ಮಾದರಿಗಳಲ್ಲಿ ಮಾತ್ರ ಇದ್ದ ಈ ಸೌಕರ್ಯ 2018ರ ಕುರಾಡೊ ಡಿಸಿಯೊಂದಿಗೆ ಮಧ್ಯಮ ಬೆಲೆಗೆ ಇಳಿಯಿತು. ಅದರಲ್ಲಿ ನಾಲ್ಕೇ ಅಂಕಿಗಳ ಗುಂಡಿ. ಎಸೆದಾಗ ರೀಲಿನೊಳಗಿಂದ ಸೊಳ್ಳೆ ಕಿವಿಯ ಹತ್ತಿರ ಬಂದಂತೆ ಒಂದು ಸಣ್ಣ ಕೀರಲು ದನಿ ಹೊರಡುತ್ತದೆ. ಕೆಲವರಿಗೆ ಅದು ಸಂಗೀತ, ನನಗಲ್ಲ.

ಬ್ರೇಕಿಗಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ಸ್ಪೂಲಿನ ತೂಕ ಎಂದು ನನ್ನ ಅಭಿಪ್ರಾಯ. ಜಾಹೀರಾತಿನಲ್ಲಿ ಇದರ ಸದ್ದು ಕಡಿಮೆ. ಭಾರವಾದ ಸ್ಪೂಲನ್ನು ತಿರುಗಿಸಲು ಭಾರವಾದ ಎರೆ ಬೇಕು, ತಿರುಗಿದ ಮೇಲೆ ಅದನ್ನು ನಿಲ್ಲಿಸುವುದೂ ಕಷ್ಟ. ಹಳೆಯ 5000ರಲ್ಲಿ ಹದಿನೈದು, ಇಪ್ಪತ್ತು ಗ್ರಾಂನ ಲೂರ್, ಅಂದರೆ ಕೃತಕ ಎರೆ, ಚೆನ್ನಾಗಿ ಹಾರುತ್ತದೆ. ಐದು ಗ್ರಾಂನದು ಕಟ್ಟಿ ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಈಗ ಹಗುರ ಲೂರುಗಳಿಗೆಂದೇ ಮಾಡಿದ ರೀಲುಗಳಿವೆ, ಅವುಗಳ ತೂತು ಕೊರೆದ ಸ್ಪೂಲ್ ಹತ್ತು ಗ್ರಾಂ ಆಸುಪಾಸಿನಲ್ಲಿದೆ. ಅವುಗಳಲ್ಲಿ ಮೂರು, ನಾಲ್ಕು ಗ್ರಾಂನದನ್ನೂ ನಿರಾಳವಾಗಿ ಎಸೆಯಬಹುದು. ಹಳೆಯದನ್ನು ಎಷ್ಟೇ ತೊಳೆದು ಎಣ್ಣೆ ಹಾಕಿದರೂ ಅದು ಇಲ್ಲಿಗೆ ಬಂದು ಮುಟ್ಟುವುದಿಲ್ಲ. ಅಭಿಮಾನಿಗಳು ಈ ಮಾತು ಒಪ್ಪಿಕೊಂಡುಬಿಟ್ಟರೆ ಅರ್ಧ ವಾದ ಮುಗಿಯುತ್ತದೆ.

ಇಡೀ ರೀಲಿನ ಆಕಾರವೂ ಬದಲಾಗಿದೆ. ದುಂಡನೆಯ ಹಳೆಯ ರೀಲು ಮುನ್ನೂರು ಗ್ರಾಂ ಹತ್ತಿರ ತೂಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಲ್ಯೂ ಚಿಲ್ಡ್ರೆ ಶಿಮಾನೊ ಜೊತೆ ಸೇರಿ ಹೊರತಂದ ಸ್ಪೀಡ್ ಸ್ಪೂಲ್ ರೀಲು ಅಂಗೈಯೊಳಗೆ ಅಡಗುವಂತೆ ತಗ್ಗಾಗಿತ್ತು. ಇಂದಿನ ಚಪ್ಪಟೆ ರೀಲುಗಳೆಲ್ಲ ಆ ದಾರಿಯಲ್ಲಿ ನಡೆದವು, ಎಷ್ಟೋ ಮಾದರಿಗಳು ಇನ್ನೂರು ಗ್ರಾಂ ಒಳಗಿವೆ. ಬೆಳಗಿನಿಂದ ಸಂಜೆಯವರೆಗೆ ಎಸೆಯುವವರ ಮಣಿಕಟ್ಟಿಗೆ ಈ ನೂರು ಗ್ರಾಂನ ಬೆಲೆ ಚೆನ್ನಾಗಿ ಗೊತ್ತು.

ಇನ್ನು ಗೇರ್ ಅನುಪಾತ. ಅಂಗಡಿಯವರು ಮೊದಲು ಹೇಳುವುದೇ ಇದನ್ನು. ಹಳೆಯ 5000ರದು 3.6:1, ಅಂದರೆ ಹಿಡಿಕೆ ಒಂದು ಸುತ್ತಿಗೆ ಸ್ಪೂಲ್ ಮೂರೂವರೆ ಸುತ್ತಿಗಿಂತ ಸ್ವಲ್ಪ ಹೆಚ್ಚು. ಆಮೇಲಿನ 5500ಸಿಯದು 4.7:1. ಇಂದು 7:1, 8:1 ಸಾಮಾನ್ಯ. ತುಂಬಿದ ಸ್ಪೂಲಿನ ವ್ಯಾಸ 34 ಮಿಲಿಮೀಟರ್ ಎಂದಿಟ್ಟುಕೊಳ್ಳಿ, ಸುತ್ತಳತೆ ಸುಮಾರು 107 ಮಿಲಿಮೀಟರ್. 3.6ರಲ್ಲಿ ಒಂದು ಸುತ್ತಿಗೆ 38 ಸೆಂಟಿಮೀಟರ್ ದಾರ ಬರುತ್ತದೆ, 7.1ರಲ್ಲಿ 76. ಕಸದ ಮೇಲೆ ಎಳೆಯುವ ಕಪ್ಪೆ ಲೂರಿಗೆ, ಮೀನು ನಮ್ಮ ಕಡೆಗೇ ಓಡಿ ಬಂದಾಗ ಸಡಿಲಾದ ದಾರವನ್ನು ಬಿಗಿ ಮಾಡಲಿಕ್ಕೆ, ಈ ವೇಗ ಬಹಳ ಉಪಕಾರಿ. ಆದರೆ ವೇಗ ಹೆಚ್ಚಿದಷ್ಟೂ ಎಳೆಯುವ ಬಲ ಕಡಿಮೆ. ಆಳಕ್ಕೆ ಮುಳುಗಿ ನೀರನ್ನು ತಳ್ಳಿಕೊಂಡು ಬರುವ ಲೂರನ್ನು 8:1ರಲ್ಲಿ ಎಳೆದು ನೋಡಿ, ಸ್ವಲ್ಪ ಹೊತ್ತಿನಲ್ಲೇ ಹಳೆಯ ನಿಧಾನದ ರೀಲಿನ ನೆನಪಾಗುತ್ತದೆ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ನೋಡಿ ಕೊಳ್ಳುವುದು ಬೇಡ. ಬೇರಿಂಗ್ ಎಣಿಕೆಯ ಕಥೆಯೂ ಅಷ್ಟೇ. ಎಸೆತಕ್ಕೆ ಬೇಕಾದವು ಸ್ಪೂಲಿನ ಎರಡು ಬದಿಯ ಬೇರಿಂಗ್‌ಗಳು, ಅವು ಒಳ್ಳೆಯವಿದ್ದರೆ ಸಾಕು. ಹಿಡಿಕೆಯ ಗುಬ್ಬಿಯೊಳಗೆ ನಾಲ್ಕು ತುರುಕಿ ಲೆಕ್ಕ ಏರಿಸಿದರೆ ಲೂರ್ ಒಂದು ಗೇಣೂ ಮುಂದೆ ಹೋಗುವುದಿಲ್ಲ.

ಹಳೆಯದು ಗೆಲ್ಲುವ ಜಾಗಕ್ಕೆ ಬರೋಣ. ಅದಕ್ಕೆ ನಮ್ಮ ಕಾವೇರಿಯ ನೆನಪೇ ಸಾಕು. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಗಾಳಗಾರರ ತಂಡವೊಂದು ಇಲ್ಲಿಗೆ ಬಂದು ದೊಡ್ಡ ಮಹಶೀರ್ ಹಿಡಿದ ಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಹೊರದೇಶದ ಗಾಳಗಾರರಿಗೆ ಪರಿಚಿತ ಹೆಸರುಗಳಾದವು. ಹೊಳೆಯ ದಡದವರು ಬಿಳಿಮೀನು ಎನ್ನುವ ಈ ಮೀನಿಗೆ ಎರೆ ರಾಗಿಹಿಟ್ಟಿನ ಉಂಡೆ. ಆ ಉಂಡೆಯನ್ನು ಎಸೆಯಲು ಹತ್ತು ಗ್ರಾಂ ಸ್ಪೂಲು ಬೇಕಾಗಿಲ್ಲ, ಕಂಪ್ಯೂಟರೂ ಬೇಕಾಗಿಲ್ಲ. ಬೇಕಾದದ್ದು ಇನ್ನೂರು ಮೀಟರ್ ದಪ್ಪ ದಾರ ಹಿಡಿಯುವ ಸ್ಪೂಲು, ಬಂಡೆಗಳ ನಡುವೆ ಮೀನು ಓಡಿದಾಗ ದಾರವನ್ನು ಬಿಗಿಹಿಡಿದೇ ಬಿಟ್ಟುಕೊಡುವ, ಸೀಯದ ಡ್ರ್ಯಾಗು, ಬಗ್ಗದ ಚೌಕಟ್ಟು. ಆ ಕಾಲದಲ್ಲಿ ಅನೇಕರ ಕೈಯಲ್ಲಿದ್ದದ್ದು 4.1:1ರ ಅಂಬಾಸಡರ್ 7000. ಆ ಶಿಬಿರಗಳ ಗಾಳದ ಆಟ ವನ್ಯಜೀವಿ ಧಾಮದ ಕಾನೂನಿಗೆ ಸಿಕ್ಕಿ ಆಮೇಲೆ ನಿಂತಿತು. ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಮೀನಿಗಿಂತ ರೀಲುಗಳೇ ಸುಲಭವಾಗಿ ಸಿಗುವ ಸ್ಥಿತಿ ಈಗ.

ಹಳೆಯದು ಬಾಳುವುದಕ್ಕೆ ಕಾರಣ ಸರಳ. ಹಿತ್ತಾಳೆಯ ಹಲ್ಲುಚಕ್ರ, ಬೆರಳಿನಲ್ಲೇ ಬಿಚ್ಚುವ ತಿರುಪು, ಮಾದರಿಯಿಂದ ಮಾದರಿಗೆ ಹೊಂದುವ ಬಿಡಿಭಾಗ. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವುದು ಒಂದು ಹಲ್ಲಿನ ಕೊಂಡಿ. ಸ್ವಲ್ಪ ಆಟವಾಡುತ್ತದೆ, ಆದರೆ ಕೈ ಕೊಡುವುದಿಲ್ಲ. ಹೊಸದರಲ್ಲಿ ಆ ಕೆಲಸ ಉರುಳುಗಳ ಬೇರಿಂಗಿನದು. ಕೂದಲೆಳೆಯಷ್ಟೂ ಹಿಂದೆ ಹೋಗದು, ಆದರೆ ಅದರೊಳಗೆ ಗ್ರೀಸ್ ತುಂಬಿದರೆ ಜಾರತೊಡಗುತ್ತದೆ. ಡಿಸಿಯ ಚಿಪ್ ಕೆಟ್ಟರೆ ರಿಪೇರಿ ಎಂಬ ಮಾತಿಲ್ಲ, ಇಡೀ ಘಟಕವನ್ನೇ ಬದಲಿಸಬೇಕು. ಮಲ್ಪೆ, ಕಾರವಾರದ ಕಡಲಲ್ಲಿ ಎಸೆಯುವವರು ಇನ್ನೊಂದನ್ನು ಗಮನಿಸಬೇಕು. ಹಗುರವಾಗಲೆಂದು ಮೆಗ್ನೀಷಿಯಂನಲ್ಲಿ ಮಾಡಿದ ಚೌಕಟ್ಟಿಗೆ ಗೀರು ಬಿದ್ದರೆ ಉಪ್ಪುನೀರು ಅದನ್ನು ತಿಂದುಹಾಕುತ್ತದೆ. ಮನೆಗೆ ಬಂದ ಮೇಲೆ ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆಯಿರಿ. ಪೈಪಿನ ರಭಸಕ್ಕೆ ಹಿಡಿದರೆ ಉಪ್ಪು ಒಳಗೇ ಸೇರುತ್ತದೆ.

ಯಾವ ರೀಲೇ ಆಗಲಿ, ಮೊದಲ ಎಸೆತಕ್ಕೆ ಮುಂಚೆ ಒಂದು ಹೊಂದಾಣಿಕೆ ಮಾಡಿಕೊಳ್ಳಬೇಕು. ಲೂರ್ ಕಟ್ಟಿ, ಕೋಲನ್ನು ಅಡ್ಡ ಹಿಡಿದು ಗುಂಡಿ ಒತ್ತಿ. ಲೂರ್ ಧಡಕ್ಕನೆ ಬೀಳಬಾರದು, ನಿಧಾನವಾಗಿ ಇಳಿಯಬೇಕು. ನೆಲ ಮುಟ್ಟಿದ ಮೇಲೆ ಸ್ಪೂಲ್ ಅರ್ಧ ಸುತ್ತಿನೊಳಗೆ ನಿಲ್ಲಬೇಕು. ಹಾಗಾಗುವವರೆಗೆ ಹಿಡಿಕೆಯ ಪಕ್ಕದ ಚಿಕ್ಕ ಮುಚ್ಚಳವನ್ನು ಬಿಗಿ ಮಾಡಿ. ಹೆಣೆದ ದಾರ ಸುತ್ತುವವರು ಮೊದಲು ಹತ್ತು ಸುತ್ತು ನೈಲಾನ್ ಸುತ್ತಿ ಅದರ ಮೇಲೆ ಕಟ್ಟಿ. ಇಲ್ಲದಿದ್ದರೆ ನುಣುಪಾದ ಸ್ಪೂಲಿನ ಮೇಲೆ ಇಡೀ ದಾರವೇ ಜಾರುತ್ತದೆ.

ಹಳೆಯದನ್ನು ಕೊಳ್ಳುವ ಆಸೆಯಿದ್ದವರಿಗೆ ಇಷ್ಟು. ರೀಲನ್ನು ಕೋಲಿಗೆ ಸಿಕ್ಕಿಸುವ ಪಾದವನ್ನು ತಿರುಗಿಸಿ ನೋಡಿ. 1970ರ ದಶಕದ ನಡುವಿನಿಂದ ಮುಂದಿನ ಅಂಬಾಸಡರ್‌ಗಳಲ್ಲಿ ಅಲ್ಲಿ ಒತ್ತಿರುವ ಸಂಖ್ಯೆಯ ಮೊದಲ ಎರಡು ಅಂಕಿ ವರ್ಷ, ಮುಂದಿನೆರಡು ತಿಂಗಳು. ಹಿಡಿಕೆ ತಿರುಗಿಸಿ ದಾರದ ಕಿಂಡಿ ಎರಡೂ ತುದಿ ಮುಟ್ಟಿ ಮರಳುತ್ತದೆಯೇ ಗಮನಿಸಿ. ನಡುವೆ ತಡವರಿಸಿದರೆ ಒಳಗಿನ ಕೊಕ್ಕೆ ಸವೆದಿದೆ, ಅದು ಅಗ್ಗದ ಭಾಗ, ಚಿಂತೆಯಿಲ್ಲ. ಆದರೆ ಆ ಕೊಕ್ಕೆ ಓಡಾಡುವ ತೋಡುಗಳ ದಂಡವೇ ಸವೆದಿದ್ದರೆ, ಸ್ಪೂಲಿನ ಅಂಚು ಬಾಗಿದ್ದರೆ, ಕೆಂಪು ಬಣ್ಣ ಎಷ್ಟೇ ಮಿನುಗುತ್ತಿರಲಿ, ಬೆಲೆ ಕೇಳದೆ ಮುಂದಿನ ಅಂಗಡಿಗೆ ಹೋಗಿ.

ನಮಸ್ಕಾರ.