ಕಿವಿ ಬಿಡಿ, ಪ್ಲೇಟು ನೋಡಿ

ನಮಸ್ಕಾರ. ಸೋಲ್, ಅಂದರೆ ಅಮೆರಿಕದ ಕಪ್ಪು ಜನರ ಹಾಡು. ಅದರ ಹಳೇ ರೆಕಾರ್ಡ್ ಯಾವ ಊರಿನದು, ಯಾವ ಕಾಲದ್ದು ಅಂತ ಪತ್ತೆ ಹಚ್ಚುವುದು ಹೇಗೆ? ಹೋದ ಸಂಚಿಕೆಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಸರ್, ದಿ ಕೈರೋಸ್ ಡೆಟ್ರಾಯ್ಟ್ ಗುಂಪು. ಕೇಳಿದರೇ ಗೊತ್ತಾಗುತ್ತದೆ." ಕೇಳಿದರೇ ಗೊತ್ತಾಗುತ್ತದಂತೆ!

ಸ್ವಾಮಿ, ಆ ಹಾಡುಗಾರರ ರೆಕಾರ್ಡ್ ತಂದದ್ದು ಶ್ರೈನ್ ಕಂಪನಿ. ಊರು ವಾಷಿಂಗ್ಟನ್. 1960ರ ದಶಕದ ನಡುವೆ ಒಂದೆರಡು ಮೂರು ವರ್ಷ ನಡೆದು ಬಾಗಿಲು ಹಾಕಿತು. ಕಟ್ಟಿದವರು ರೇನೋಮಾ ಮತ್ತು ಎಡ್ಡಿ ಸಿಂಗಲ್ಟನ್. ಈ ರೇನೋಮಾ ಯಾರು? ಡೆಟ್ರಾಯ್ಟ್‌ನ ಹೆಸರಾಂತ ಸೋಲ್ ಕಂಪನಿ ಮೋಟೌನ್ ಶುರುವಾದಾಗ ಅದನ್ನು ಕಟ್ಟಿದ ಬೆರ್ರಿ ಗಾರ್ಡಿ ಜೊತೆ ದುಡಿದವರು, ಅವರ ಮಾಜಿ ಹೆಂಡತಿ. ಅಡುಗೆಯವರು ಊರು ಬಿಟ್ಟರೆ ಕೈರುಚಿ ಬಿಡುತ್ತದಾ? ನಿಮ್ಮ ಕಿವಿ ಏಮಾರಿದ್ದು ಅಲ್ಲೇ.

ಅದಕ್ಕೇ ಹೇಳುವುದು, ಕಿವಿ ಬಿಡಿ, ಪ್ಲೇಟು ನೋಡಿ. ಹಾಡಿನ ಗೆರೆ ಮುಗಿದು ಲೇಬಲ್ ಶುರುವಾಗುವ ನಡುವೆ ಬೆರಳಗಲದ ಖಾಲಿ ಜಾಗ ಇರುತ್ತದೆ. ಡೆಡ್ ವ್ಯಾಕ್ಸ್ ಅನ್ನುತ್ತಾರೆ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿಯಿರಿ, ಸಣ್ಣ ಸಣ್ಣ ಅಕ್ಷರ ಕಾಣುತ್ತವೆ. ಅಮೆರಿಕದ ದೊಡ್ಡ ರೆಕಾರ್ಡ್ ಕಂಪನಿ ಆರ್‌ಸಿಎಯ ಕಾರ್ಖಾನೆ ಚಿಕ್ಕ ಕಂಪನಿಗಳಿಗೆ ಒತ್ತಿಕೊಟ್ಟ ಪ್ಲೇಟಾದರೆ ಮೊದಲ ಅಕ್ಷರವೇ ವರ್ಷ. ಆರ್ ಇದ್ದರೆ 1964, ಎಸ್ 1965, ಟಿ 1966. ಪುಟ್ಟ ತ್ರಿಕೋನ, ಪಕ್ಕದಲ್ಲೊಂದು ನಂಬರ್ ಇದ್ದರೆ ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆ. ಆ ನಂಬರಿನಿಂದ ಸುಮಾರು ಯಾವಾಗ ಒತ್ತಿದ್ದು ಅಂತಲೂ ಲೆಕ್ಕ ಹಾಕಬಹುದು. ಪ್ಲೇಟು ಇಷ್ಟು ಬಾಯಿಬಿಡುತ್ತಿದೆ, ನೀವು ಕಣ್ಣುಮುಚ್ಚಿ ತಲೆದೂಗುತ್ತಾ ಕೂತಿದ್ದೀರಿ.

"ಒತ್ತಿದ ಊರೇ ಹಾಡಿದ ಊರು ಆಗಬೇಕಿಲ್ಲ ಅಲ್ವಾ?" ಬಂದರು ನೋಡಿ ಬುದ್ಧಿವಂತರು. ಆಗಬೇಕಿಲ್ಲ ಮಾರಾಯ್ರೇ! ಲೇಬಲ್ ಮೇಲೆ ಹಾಡು ಬರೆದವರ ಹೆಸರು, ಪಬ್ಲಿಷರ್ ಹೆಸರು ಸುಮ್ನೆ ಹಾಕಿದ್ದಾರಾ? ಆ ಹೆಸರುಗಳನ್ನು ಅಮೆರಿಕದ ಕಾಪಿರೈಟ್ ಕಚೇರಿಯ ಹಳೇ ಪಟ್ಟಿಗಳಲ್ಲಿ ಹುಡುಕಿ, ಸುಳಿವು ಸಿಗಬಹುದು. ಗುಂಪಿನ ಹೆಸರನ್ನಂತೂ ನಂಬಲೇಬೇಡಿ. 1960ರಲ್ಲಿ ಗೋಲ್ಡಿಸ್ಕ್ ಲೇಬಲ್‌ಗೆ ಹಾಡಿದ ಟೆಂಪ್ಟೇಷನ್ಸ್ ಬೇರೆ, ಮೋಟೌನ್‌ನ ಟೆಂಪ್ಟೇಷನ್ಸ್ ಬೇರೆ.

ಅಂದಹಾಗೆ, ಈ ಮಗ್ ನಮ್ಮ ಚಾನೆಲ್‌ದು. ಲಿಂಕ್ ಕೆಳಗಿದೆ. ಕಾಫಿ ನೀವೇ ಮಾಡಿಕೊಳ್ಳಬೇಕು.

ಇನ್ನೂ ಕಿವಿ, ಕಿವಿ ಅನ್ನುತ್ತೀರಾ? 1970ರ ದಶಕದಲ್ಲಿ ಇಂಗ್ಲೆಂಡಿನ ನಾರ್ದರ್ನ್ ಸೋಲ್ ಡೀಜೆಗಳು, ಅಂದರೆ ಹಳೇ ಅಮೆರಿಕನ್ ಸೋಲ್ ಹಾಕಿ ಕುಣಿಸುವವರು, ಲೇಬಲ್ ಮುಚ್ಚಿ, ಸುಳ್ಳು ಹೆಸರು ಹೇಳಿ ಹಾಡು ಹಾಕುತ್ತಿದ್ದರು. ಬೇರೆ ಡೀಜೆಗಳಿಗೆ ಗುಟ್ಟು ಗೊತ್ತಾಗಬಾರದಲ್ಲ! ವಿಗನ್ ಕ್ಯಾಸಿನೋ ಅನ್ನೋ ಅಲ್ಲಿನ ಡಾನ್ಸ್ ಕ್ಲಬ್‌ನಲ್ಲಿ ಫ್ರಾಂಕ್ ವಿಲ್ಸನ್ ಹಾಡನ್ನೇ ಎಡ್ಡಿ ಫಾಸ್ಟರ್ ಹಾಡಿದ್ದು ಅಂತ ಹೇಳಿ ಕುಣಿಸಿದರು. ರಾತ್ರಿಯಿಡೀ ಸೋಲ್ ಕೇಳುವ ಜನ ಸ್ವಾಮಿ ಅವರು! ಅವರ ಕಿವಿಗೇ ಮಂಕುಬೂದಿ ಎರಚಿದ ಮೇಲೆ ನಿಮ್ಮದು, ನನ್ನದು ಯಾವ ಲೆಕ್ಕ? ಅದೇ ವಿಲ್ಸನ್ ರೆಕಾರ್ಡಿನ ಒಂದು ಪ್ರತಿ 2020ರಲ್ಲಿ ಲಕ್ಷ ಪೌಂಡ್‌ಗೆ ಮಾರಾಟವಾಯಿತು. ಕಿವಿ ನಂಬಿ ಲಕ್ಷ ಪೌಂಡ್ ಕೊಡುತ್ತೀರಾ? ಪ್ಲೇಟು ನೋಡುತ್ತೀರಾ?

ನೋಡಿ ಅಂದರೆ ನೋಡಿ, ಅಷ್ಟೇ. ಯಾಕೆ ಅಂತ ಮತ್ತೆ ಕೇಳಬೇಡಿ, ಗಂಟಲು ಒಣಗಿದೆ. ನಿಮ್ಮ ಹತ್ರ ಗೊತ್ತುಗುರಿ ಇಲ್ಲದ ಸೋಲ್ ರೆಕಾರ್ಡ್ ಇದ್ದರೆ ಡೆಡ್ ವ್ಯಾಕ್ಸ್ ಫೋಟೋ ಕಳಿಸಿ. ಆಡಿಯೋ ಕಳಿಸಿದರೆ ಡಿಲೀಟ್ ಮಾಡುತ್ತೇನೆ. ಮುಂದಿನ ವಾರ ಕಳ್ಳ ಪ್ರತಿಗಳ ವಿಷಯ, ಜಗಳ ಇನ್ನೂ ಜಾಸ್ತಿ ಇರುತ್ತದೆ. ಸಬ್‌ಸ್ಕ್ರೈಬ್ ಆಗಿ. ಬೆಲ್ ಒತ್ತಿ. ಮಗ್ ತಗೊಳ್ಳಿ.